ತಾಳಪ್ಪನೂ ಅರವತ್ತೈದರ ಮುಳ್ಳೂ

ಅವನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಊರ ಹೊರಗಿನ ಹಾರಾಟದ ಮೈದಾನದಲ್ಲಿ ಯಾರಾದರೂ ಆ ಹೆಸರು ಹಿಡಿದು ಕೂಗಿದರೆ, ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡು ಅವನು ತನ್ನ ಪಾಡಿಗೆ ತಾನು ಸ್ಪ್ಯಾನರ್ ತಿರುಗಿಸುತ್ತಿದ್ದ. ಅಲ್ಲಿ ಅವನು ತಾಳಪ್ಪ. ಇಪ್ಪತ್ತೆರಡು ವರ್ಷ ಒಂದೇ ಮಾತನ್ನು ಜಪದ ಹಾಗೆ ಹೇಳಿಕೊಂಡು ಬಂದವನಿಗೆ ಇನ್ನೇನು ಹೆಸರು ಅಂಟೀತು? "ತಾಳಪ್ಪ, ಇನ್ನೂ ಬಿಸಿಯಾಗಿಲ್ಲ." "ತಾಳಮ್ಮ, ಮುಳ್ಳು ಮೇಲೆ ಬರಲಿ." ಹಾರಲು ಬಂದ ದೊಡ್ಡ ಮನುಷ್ಯರು ಗಡಿಯಾರ ನೋಡಿಕೊಂಡು ಚಡಪಡಿಸಿದರೆ, "ಅಷ್ಟು ಅವಸರ ಇದ್ರೆ ಬಸ್ಸಲ್ಲಿ ಹೋಗಿ ಸಾರ್, ಅದು ಕೆಟ್ರೆ ರಸ್ತೆ ಮೇಲೇ ನಿಲ್ಲುತ್ತೆ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಿದ್ದ. ಇಂಥ ಬಾಯಿಯವನನ್ನು ಯಜಮಾನರು ಇಷ್ಟು ವರ್ಷ ಇಟ್ಟುಕೊಂಡದ್ದಕ್ಕೆ ಒಂದೇ ಕಾರಣ. ತಾಳಪ್ಪ ಬಿಸಿ ಮಾಡಿ ಕೊಟ್ಟ ಇಂಜಿನ್ ಒಮ್ಮೆಯೂ ಆಕಾಶದಲ್ಲಿ ಕೈಕೊಟ್ಟಿರಲಿಲ್ಲ.

ಅಲ್ಲಿದ್ದವು ದೊಡ್ಡ ವಿಮಾನಗಳೇನಲ್ಲ. ಅಲ್ಯೂಮಿನಿಯಂ ಕೊಳವೆಗೆ ಬಟ್ಟೆ ಬಿಗಿದ, ಇಬ್ಬರು ಒತ್ತಿಕೊಂಡು ಕೂರಬಹುದಾದ ಪುಟ್ಟ ಯಂತ್ರಗಳು. ನಾಲ್ಕು ಜನ ಸೇರಿದರೆ ಬಾಲ ಎತ್ತಿ ತಿರುಗಿಸಿ ಇಡಬಹುದು. ಇದ್ದವೇ ಎರಡು. ಒಂದು ಗಾಳಿಯಿಂದಲೇ ತಣ್ಣಗಾಗುವ ಹಳೆಯ ಇಂಜಿನ್ನಿನದು, ಇನ್ನೊಂದು ರೇಡಿಯೇಟರ್ ಇದ್ದು ನೀರಿನಿಂದ ತಣ್ಣಗಾಗುವ ಹಳದಿ ರೆಕ್ಕೆಯದು. ಸೀಟಿನ ಬೆನ್ನಿಗೆ ಇಂಜಿನ್, ಇಂಜಿನ್ನಿನ ಬೆನ್ನಿಗೆ ಪಂಖ. ಇಂಜಿನ್ ಎಂದರೆ ಹಳೆಯ ಕಾಲದ ಸ್ಕೂಟರಿನ ದಾಯಾದಿ, ಟೂ ಸ್ಟ್ರೋಕ್. ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಕುಡಿಸಬೇಕು, ಹಗ್ಗ ಎಳೆದು ಎಬ್ಬಿಸಬೇಕು, ಎದ್ದ ಮೇಲೆ ಓಲೈಸಬೇಕು.

ಓಲೈಸುವುದು ಏಕೆಂದು ಕೇಳಿದವರಿಗೆಲ್ಲ ತಾಳಪ್ಪ ಒಂದೇ ಪಾಠ ಒಪ್ಪಿಸುತ್ತಿದ್ದ. "ಒಳಗೆ ಪಿಸ್ಟನ್ ಇದೆಯಲ್ಲ, ಅದು ಬೇಗ ಕಾಯುತ್ತೆ, ಬೇಗ ಊದುತ್ತೆ. ಸುತ್ತ ಇರೋ ಸಿಲಿಂಡರ್ ಸೋಮಾರಿ, ನಿಧಾನಕ್ಕೆ ಕಾಯುತ್ತೆ. ಕಾಲು ಊದಿಕೊಂಡಿದೆ, ಬೂಟು ಅಷ್ಟೇ ಇದೆ. ಆಗ ಓಡು ಅಂದ್ರೆ ಓಡ್ತೀರಾ? ಅಲ್ಲೇ ಕಚ್ಚಿಕೊಂಡು ನಿಲ್ಲುತ್ತೆ. ಅದಕ್ಕೇ ತಾಳಿ ಅನ್ನೋದು." ಇಳಿಯುವುದಕ್ಕೂ ಒಂದು ಪಾಠವಿತ್ತು. "ಮೇಲಿಂದ ಇಂಜಿನ್ ಮಲಗಿಸಿಕೊಂಡು ಜಾರ್ತಾ ಬಂದು, ಕೆಳಗೆ ಗಾಬರಿಯಾಗಿ ಒಮ್ಮೆಗೇ ಪೂರ್ತಿ ಥ್ರಾಟಲ್ ಕೊಡಬೇಡಿ. ಅಷ್ಟು ಹೊತ್ತಿಗೆ ರೇಡಿಯೇಟರ್ ನೀರು ತಣ್ಣಗಾಗಿರುತ್ತೆ. ಆ ತಣ್ಣೀರು ಒಳಗೆ ನುಗ್ಗಿದ್ರೆ ಬೂಟು ಇನ್ನೂ ಚಿಕ್ಕದಾಗುತ್ತೆ." ಈ ಬೂಟಿನ ಪಾಠವನ್ನು ಮೈದಾನದಲ್ಲಿ ಕೇಳದವರಿಲ್ಲ. ಹಾರುವುದನ್ನು ಕಲಿಸುತ್ತಿದ್ದ ಮೇಡಂ ಅಂತೂ ಅದನ್ನು ಊಟದ ತಟ್ಟೆಯ ಮುಂದೆಯೂ ಕೇಳಿ ಬೆಳೆದವಳು, ಏಕೆಂದರೆ ಅವಳು ತಾಳಪ್ಪನ ಮಗಳು. ದಿನಾ ಬೆಳಿಗ್ಗೆ ಅಪ್ಪ ಬಿಸಿ ಮಾಡಿ ಕೊಟ್ಟ ಇಂಜಿನ್ನಿಗೆ ಬೆನ್ನು ಕೊಟ್ಟು ಮೊದಲು ಮೇಲೇರುವವಳು ಅವಳೇ.

ಅವನ ಬೆಳಗಿನ ಕ್ರಮ ಇಪ್ಪತ್ತೆರಡು ವರ್ಷದಲ್ಲಿ ಒಂದಿಷ್ಟೂ ಅಲುಗಿರಲಿಲ್ಲ. ಷೆಡ್ಡಿನ ತಗಡಿನ ಬಾಗಿಲು ತಳ್ಳಿ, ಯಂತ್ರವನ್ನು ಹೊರಗೆಳೆದು, ಬಾಲವನ್ನು ಕಂಬಕ್ಕೆ ಕಟ್ಟಿ, ಚಕ್ರಕ್ಕೆ ಮರದ ತುಂಡು ಕೊಟ್ಟು, ಮೊದಲು ಒಂದು ಲೋಟ ಟೀ. ಆಮೇಲೆ ಹಗ್ಗ ಎಳೆದು ಇಂಜಿನ್ ಎಬ್ಬಿಸಿ, ತಾನೇ ಸೀಟಿನಲ್ಲಿ ಕೂತು, ಕನ್ನಡಕ ಮೂಗಿಗೇರಿಸಿ, ನೀರಿನ ಬಿಸಿ ತೋರಿಸುವ ಮೀಟರನ್ನೇ ದಿಟ್ಟಿಸುವುದು. ಎರಡು ನಿಮಿಷ ಮೆಲ್ಲಗೆ, ಆಮೇಲೆ ತುಸು ಜೋರಾಗಿ. ಮುಳ್ಳು ನಲವತ್ತು, ಐವತ್ತು ದಾಟಿ ಅರವತ್ತೈದು ಮುಟ್ಟಿತೆಂದರೆ ಅವನ ಲೆಕ್ಕದಲ್ಲಿ ಕೆಲಸ ಮುಗಿಯಿತು. ಇಂಜಿನ್ನಿನ ಜೊತೆ ಬಂದ ಪುಸ್ತಕದಲ್ಲೂ ಅರವತ್ತೈದೆಂದೇ ಇತ್ತು. ಆಗ ಅವನು ಕನ್ನಡಕವನ್ನು ಹಣೆಗೇರಿಸಿ, ಫ್ಲಾಸ್ಕಿನಿಂದ ಎರಡನೇ ಲೋಟ ಬಗ್ಗಿಸಿಕೊಂಡು, ಹಿಂದೆ ಇಂಜಿನ್ ಗುರುಗುಟ್ಟುತ್ತಿದ್ದಂತೆಯೇ ಹಾಯಾಗಿ ಹೀರುತ್ತಿದ್ದ. ಕನ್ನಡಕ ಹಣೆಗೇರಿಸದಿದ್ದರೆ ಟೀ ಹಬೆ ಕೂತು ಗಾಜು ಮಬ್ಬಾಗುತ್ತಿತ್ತು. ಮೊದಲನೆಯ ಲೋಟ ಕೆಲಸಕ್ಕೆ, ಎರಡನೆಯದು ಕೆಲಸ ಮುಗಿಸಿದ ಖುಷಿಗೆ. ಕುಡಿದು ಮುಗಿಸಿ, ಲೋಟ ಕೊಡವಿ, ಆಮೇಲೆ ಕೈ ಎತ್ತಬೇಕು. ಅಷ್ಟು ಹೊತ್ತು ರೆಕ್ಕೆಯ ತಂತಿ, ನಟ್ಟು ಬೋಲ್ಟು ನೋಡುತ್ತ ಸುತ್ತುತ್ತಿದ್ದ ಮಗಳು ಆಗ ಬಂದು ಕೂರಬೇಕು. ಆ ಕೈ ಏಳದೆ ಯಾರೂ ಹತ್ತಿರ ಸುಳಿಯುವಂತಿರಲಿಲ್ಲ.

ಚಳಿ ಶುರುವಾದ ವಾರ ಡಾಕ್ಟರು ತಾಳಪ್ಪನ ರಕ್ತದಲ್ಲಿ ಸಕ್ಕರೆ ಏರಿದೆ ಎಂದರು. ಅವರು ಹೇಳಿದ್ದು ಇಷ್ಟೇ, ಸಿಹಿ ಸ್ವಲ್ಪ ಕಡಿಮೆ ಮಾಡಿ ಅಂತ. ಆದರೆ ತಾಳಪ್ಪನ ಹೆಂಡತಿ ಇನ್ನೊಬ್ಬರ ಆರೋಗ್ಯದ ವಿಷಯದಲ್ಲಿ ಅರ್ಧಂಬರ್ಧ ಕೆಲಸ ಮಾಡುವವಳಲ್ಲ. ಮನೆಗೆ ಬಂದವಳೇ ದೊಡ್ಡ ಫ್ಲಾಸ್ಕನ್ನು ಅಟ್ಟಕ್ಕೆ ಹಾಕಿ, ಸರಿಯಾಗಿ ಒಂದೇ ಲೋಟ ಹಿಡಿಯುವ ಚಿಕ್ಕ ಫ್ಲಾಸ್ಕ್ ತಂದಳು.

"ಇದೇನೇ ಇದು, ಮಗು ಹಾಲಿನ ಬಾಟಲಿನಾ?" ಎಂದ ತಾಳಪ್ಪ.

"ಒಂದು ಲೋಟ ಸಾಕು. ಎರಡನೇದು ನಿಮ್ಮ ನಾಲಿಗೆಗೆ ಬೇಕಾಗಿತ್ತು, ದೇಹಕ್ಕಲ್ಲ," ಎಂದಳು ಅವಳು.

ಮಗಳು ನಕ್ಕಳು. ಟೀ ವಾಸನೆಗೇ ಮುಖ ಸಿಂಡರಿಸುವ ಅವಳಿಗೆ ಅಪ್ಪನ ಸಂಕಟ ಹೇಗೆ ಗೊತ್ತಾಗಬೇಕು? ತಾಳಪ್ಪ ಎರಡು ದಿನ ಮುನಿಸಿಕೊಂಡು, ಮೂರನೆಯ ದಿನ ಒಗ್ಗಿಕೊಂಡ. ಅರವತ್ತೈದು ಬಂದ ಕೂಡಲೇ ಕೈ ಎತ್ತುತ್ತಿದ್ದ. ಕುಡಿಯಲು ಏನೂ ಇಲ್ಲದ ಮೇಲೆ ಸೀಟಿನಲ್ಲಿ ಕೂತು ಮಾಡುವುದಾದರೂ ಏನು?

ಮೊದಲ ಪೆಟ್ಟು ಬಿದ್ದದ್ದು ಅದರ ಮುಂದಿನ ವಾರ. ಮಗಳು ಹಳದಿ ಯಂತ್ರವನ್ನು ಹಾರಲು ಓಡುವ ಪಟ್ಟಿಯ ತುದಿಗೆ ಒಯ್ದು, ಪೂರ್ತಿ ಥ್ರಾಟಲ್ ಕೊಟ್ಟು ಓಡಿಸಿದಳು. ಚಕ್ರ ನೆಲ ಬಿಡುವ ಮೊದಲೇ ಇಂಜಿನ್ ಕಿರ್ರೆಂದು ನಿಂತುಬಿಟ್ಟಿತು. ಯಾರಿಗೂ ಏನೂ ಆಗಲಿಲ್ಲ. ಯಂತ್ರವನ್ನು ತಳ್ಳಿಕೊಂಡು ಬಂದರು. ಆದರೆ ತಾಳಪ್ಪ ಸಿಲಿಂಡರ್ ಬಿಚ್ಚಿ, ಪಿಸ್ಟನ್ನನ್ನು ಬೆಳಕಿಗೆ ಹಿಡಿದು ನೋಡಿದಾಗ ಅದರ ಮೈಮೇಲೆ ನಾಲ್ಕು ಕಡೆ, ಅಳತೆ ಮಾಡಿ ಎಳೆದ ಹಾಗೆ, ನಾಲ್ಕು ಗೀರು.

ಆಯಿಲ್ ಸಾಲದೆ ಹಿಡಿದ ಪಿಸ್ಟನ್ನಿನ ಗೀರು ಬೇರೆ ಥರ. ನಾಲ್ಕು ಕಡೆಯ ಗೀರಿಗೆ ಒಂದೇ ಅರ್ಥ, ಕಾಲು ಊದಿತ್ತು, ಬೂಟು ಊದಿರಲಿಲ್ಲ. ಬಿಸಿ ಮಾಡದೆ ಓಡಿಸಿದ್ದಾರೆ ಎಂದರ್ಥ. ಬೇರೆ ಮೈದಾನಗಳಿಂದ ರಿಪೇರಿಗೆ ಬಂದ ಇಂಥ ಪಿಸ್ಟನ್ನುಗಳನ್ನು ಎತ್ತಿ ಹಿಡಿದು, "ಪಿಸ್ಟನ್ ಸುಳ್ಳು ಹೇಳಲ್ಲ ಸಾರ್, ಬಿಸಿ ಮಾಡೋ ಹೊತ್ತಲ್ಲಿ ನಿದ್ದೆ ಹೊಡೀತಿದ್ರಾ?" ಎಂದು ಎಷ್ಟು ಜನರ ಮಾನ ತೆಗೆದಿದ್ದನೋ ಅವನಿಗೇ ಲೆಕ್ಕವಿರಲಿಲ್ಲ. ಈಗ ಅದೇ ಪಿಸ್ಟನ್ ಅವನ ಅಂಗೈ ಮೇಲೆ ಕೂತು ಅದೇ ಪ್ರಶ್ನೆ ಕೇಳುತ್ತಿತ್ತು.

"ಬಿಸಿ ಮಾಡಿದ್ದೆಯಲ್ಲಪ್ಪ?" ಎಂದಳು ಮಗಳು.

"ಮಾಡಿದ್ದೆ ಕಣೇ. ಅರವತ್ತೈದು ನೋಡೇ ಕೈ ಎತ್ತಿದ್ದು."

"ಸರಿ ಬಿಡು. ಹಾಗಾದ್ರೆ ಇನ್ನೇನೋ ಇರಬೇಕು."

ಆ ಇನ್ನೇನೋ ಎನ್ನುವುದನ್ನು ಹುಡುಕುತ್ತ ತಾಳಪ್ಪ ಹತ್ತು ದಿನ ಹೈರಾಣಾದ. ಆಯಿಲ್ ಹೊಸ ಡಬ್ಬದ್ದು, ಅದರ ಮೇಲೆ ಗುಮಾನಿ ಪಟ್ಟು ಹಳೆಯದನ್ನೇ ತರಿಸಿದ. ಪೆಟ್ರೋಲನ್ನು ಗಾಜಿನ ಸೀಸೆಯಲ್ಲಿ ಹಿಡಿದು ಬಿಸಿಲಿಗೆ ನೋಡಿದ. ನೀರಿನ ಪಂಪು ಬಿಚ್ಚಿದ, ಕಟ್ಟಿದ, ಮತ್ತೆ ಬಿಚ್ಚಿದ. ಮೀಟರಿನ ತುದಿಯನ್ನು ಕುದಿಯುವ ನೀರಿಗೆ ಇಳಿಬಿಟ್ಟ. ಮುಳ್ಳು ಸರಿಯಾಗಿ ನೂರು ತೋರಿಸಿತು. ಇನ್ನು ಉಳಿದದ್ದು ಥರ್ಮೋಸ್ಟಾಟ್. ಇಂಜಿನ್ ಕಾಯುವವರೆಗೆ ರೇಡಿಯೇಟರಿನ ನೀರು ಒಳಗೆ ಬರದಂತೆ ತಡೆದಿಟ್ಟು, ಕಾದ ಮೇಲೆ ಬಾಗಿಲು ತೆಗೆಯುವ ಪುಟ್ಟ ಹಿತ್ತಾಳೆ ಬಿಲ್ಲೆ ಅದು. ತಾಳಪ್ಪ ಅದನ್ನು ಜೇಬಿಗೆ ಹಾಕಿಕೊಂಡು ಮನೆಗೆ ತಂದು, ಹೆಂಡತಿಯ ಹಾಲಿನ ಪಾತ್ರೆಯಲ್ಲಿ ನೀರು ಕಾಯಿಸಿ ಮುಳುಗಿಸಿದ. ಅರವತ್ತೈದು ದಾಟುತ್ತಲೇ ಬಿಲ್ಲೆ ಮೆಲ್ಲಗೆ ಬಾಯಿ ಬಿಟ್ಟಿತು.

"ಅಯ್ಯೋ, ಇದರಲ್ಲೇ ನಾಳೆ ಹಾಲು ಕಾಯಿಸ್ಬೇಕು ರೀ!" ಎಂದು ಹೆಂಡತಿ ಹಣೆ ಚಚ್ಚಿಕೊಂಡಳು.

"ಸರಿಯಾಗೇ ಇದೆ," ಎಂದ ತಾಳಪ್ಪ. ಅವನ ದನಿಯಲ್ಲಿ ಸಮಾಧಾನ ಚೂರೂ ಇರಲಿಲ್ಲ. ಯಾವುದಾದರೂ ಒಂದು ಕೆಟ್ಟಿದ್ದರೆ ಸಾಕಾಗಿತ್ತು ಅವನಿಗೆ. ಎಲ್ಲವೂ ಸರಿಯಾಗಿದ್ದರೆ ಕೆಟ್ಟಿರುವುದು ಯಾವುದು?

ಇಲ್ಲಿ ತಾಳಪ್ಪನ ಅಣ್ಣನ ವಿಷಯ ಹೇಳಲೇಬೇಕು. ಅವನು ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಮೇಷ್ಟ್ರು, ಮಗ್ಗಿಯನ್ನು ನಿದ್ದೆಯಲ್ಲೂ ಹೇಳಬಲ್ಲವನು. ಅರವತ್ತು ದಾಟುತ್ತಿದ್ದಂತೆ ಮೊದಲು ನಲ್ಲಿ ನಿಲ್ಲಿಸುವುದು ಮರೆತ, ಆಮೇಲೆ ಮನೆಯ ದಾರಿ ಮರೆತ, ಕೊನೆಗೊಂದು ದಿನ ಊಟ ಬಡಿಸುತ್ತಿದ್ದ ಸ್ವಂತ ಹೆಂಡತಿಯನ್ನೇ, "ನೀವು ಯಾರ ಮನೆಯವರಮ್ಮ?" ಎಂದು ಕೇಳಿದ. ತಾನು ಮರೆಯುತ್ತಿದ್ದೇನೆ ಎಂದು ಅವನಿಗೆ ಕಡೆಯವರೆಗೂ ಗೊತ್ತಾಗಲಿಲ್ಲ. ಮಾಡಿದ್ದೇನೆ, ಮಾಡಿದ್ದೇನೆ ಎಂದು ಸಾಧಿಸುತ್ತಿದ್ದ. ಈಗ ತಾಳಪ್ಪನೂ ಅದೇ ಮಾತು ಹೇಳುತ್ತಿದ್ದ. ಬಿಸಿ ಮಾಡಿದ್ದೇನೆ. ಮಾಡಿಲ್ಲ ಎನ್ನುತ್ತಿತ್ತು ಪಿಸ್ಟನ್. ಇಬ್ಬರಲ್ಲಿ ಸುಳ್ಳು ಹೇಳದವರು ಯಾರು ಎಂಬುದನ್ನು ಇಪ್ಪತ್ತೆರಡು ವರ್ಷದಿಂದ ಅವನೇ ಸಾರಿಕೊಂಡು ಬಂದಿದ್ದ.

ಅವನು ಅಂಗಡಿಯಿಂದ ಒಂದು ನೋಟ್ ಪುಸ್ತಕ ತಂದ. ಹೊಸ ಪಿಸ್ಟನ್, ಹೊಸ ಸಿಲಿಂಡರ್ ಹಾಕಿದ ಮೇಲೆ ಪ್ರತಿಯೊಂದನ್ನೂ ಬರೆದಿಡತೊಡಗಿದ. ಆರು ನಲವತ್ತಕ್ಕೆ ಹಗ್ಗ ಎಳೆದೆ. ಆರು ಐವತ್ತಕ್ಕೆ ಅರವತ್ತೈದು ಬಂತು. ಕೈ ಎತ್ತಿದೆ. ಚಳಿ ಕಡಿಮೆಯಿದ್ದ ಮೂರು ದಿನ ಇಂಜಿನ್ ಚಕಾರ ಎತ್ತಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಮಂಜು ಬಿದ್ದು, ರೆಕ್ಕೆಯ ಬಟ್ಟೆಯೆಲ್ಲ ಒದ್ದೆಯಾಗಿತ್ತು. ಮಗಳು ಒಬ್ಬಳೇ ಮೇಲೇರಿದಳು. ಮೂರು ಮಹಡಿಯಷ್ಟು ಎತ್ತರಕ್ಕೆ ಹೋಗಿದ್ದಳೋ ಇಲ್ಲವೋ, ಸದ್ದು ನಿಂತಿತು.

ನಿಂತ ಸದ್ದನ್ನು ಕೇಳಿದವರಿಗೇ ಗೊತ್ತು ಅದು ಎಷ್ಟು ಜೋರಾಗಿರುತ್ತದೆಂದು. ಮಗಳು ಥಟ್ಟನೆ ಮೂಗು ಕೆಳಗೆ ಮಾಡಿ, ಎದುರಿಗಿದ್ದ ಉತ್ತ ಹೊಲದಲ್ಲಿ ಹೇಗೋ ಇಳಿಸಿದಳು. ಮುಂದಿನ ಚಕ್ರ ಮುರಿಯಿತು, ಅವಳ ಎಡ ಮಣಿಕಟ್ಟು ಉಳುಕಿತು. ಎದುರಿಗೆ ಹೊಲದ ಬದಲು ಗೋಡೆಯಿದ್ದಿದ್ದರೆ? ಆ ಪ್ರಶ್ನೆಯನ್ನು ಮನೆಯ ಮೂವರಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಸಿಲಿಂಡರ್ ಬಿಚ್ಚಿದಾಗ ಮತ್ತೆ ಅದೇ ನಾಲ್ಕು ಗೀರು. ತಾಳಪ್ಪ ನೋಟ್ ಪುಸ್ತಕ ತೆಗೆದು ನೋಡಿದ. ಅರವತ್ತೈದು ಬಂತು, ಕೈ ಎತ್ತಿದೆ. ಅಕ್ಷರ ಅವನದೇ. ಹಾಗಾದರೆ ತಾನು ಮಾಡದೆಯೇ ಮಾಡಿದೆ ಎಂದು ಬರೆದಿದ್ದೇನೆಯೇ? ಮುಳ್ಳನ್ನು ನೋಡಿದ ನೆನಪೂ ಕಟ್ಟುಕತೆಯೇ? ಅಣ್ಣನಿಗೂ ಹೀಗೆಯೇ ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗೆ ನೆನಪಿರುತ್ತಿತ್ತೇ?

ಅಲ್ಲಿಂದ ಮುಂದೆ ಅವನು ಮನೆಯಲ್ಲಿ ಒಲೆಯ ಮುಂದೆ ನಿಂತು, ಆರಿಸಿದ್ದೇನೋ ಇಲ್ಲವೋ ಎಂದು ಮೂರು ಸಲ ಮುಟ್ಟಿ ನೋಡತೊಡಗಿದ. ಬಾಗಿಲಿಗೆ ಬೀಗ ಹಾಕಿ ಬೀದಿ ಕೊನೆಯಿಂದ ವಾಪಸು ಬರುತ್ತಿದ್ದ. ಅಂಗಡಿಗೆ ಹೋಗಿ, ಏನು ತರಲು ಬಂದೆ ಎಂದು ಕಣ್ಣುಕಣ್ಣು ಬಿಡುತ್ತಿದ್ದ. ನಿಜವಾಗಿ ಮರೆತನೋ, ಮರೆಯುತ್ತೇನೆಂಬ ಭಯದಲ್ಲಿ ಮರೆತನೋ, ಅದನ್ನು ಬಿಡಿಸಿ ಹೇಳುವವರು ಯಾರು? "ಉಪ್ಪು ತನ್ನಿ ಅಂದ್ರೆ ಸೋಪು ತಂದಿದ್ದೀರಲ್ಲ!" ಎಂದು ಹೆಂಡತಿ ರೇಗಿದರೆ, "ನೆನಪಿಲ್ಲ ಕಣೆ" ಎನ್ನುತ್ತಿದ್ದ. ಆ ಮಾತು ಕೇಳಿದರೆ ಸಾಕು, ಅವಳಿಗೆ ಕೋಪ ನೆತ್ತಿಗೇರುತ್ತಿತ್ತು. "ನೆನಪಿಲ್ಲ ಅನ್ನೋ ಮಾತು ಈ ಮನೇಲಿ ಆಡಬೇಡಿ" ಎಂದು ಕೂಗಿ, ಒಳಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಗಂಡನ ಅಣ್ಣನಿಗೆ ಕೊನೆಯ ವರ್ಷ ತುತ್ತು ತಿನ್ನಿಸಿದವರಲ್ಲಿ ಅವಳೂ ಒಬ್ಬಳು.

ಯಜಮಾನರು ಕೆಟ್ಟವರಲ್ಲ. ತಾಳಪ್ಪನನ್ನು ಕೂರಿಸಿಕೊಂಡು, "ವಯಸ್ಸು ಯಾರನ್ನೂ ಬಿಡಲ್ಲ. ನೀನು ಈ ತಿಂಗಳ ಕೊನೆಗೆ ಕೆಲಸ ಬಿಟ್ಟು ಮನೇಲಿರು. ಬಿಸಿ ಮಾಡೋದನ್ನ ಮಗಳೇ ನೋಡ್ಕೊಳ್ಳಲಿ," ಎಂದರು. ಬೇರೆ ದಿನವಾಗಿದ್ದರೆ ತಾಳಪ್ಪ ಮೈದಾನ ಹಾರಿಹೋಗುವಂತೆ ಕೂಗಾಡುತ್ತಿದ್ದ. ಅಂದು ತಲೆ ತಗ್ಗಿಸಿ, "ಈಗಲೇ ಬಿಡ್ತೀನಿ ಸಾರ್. ನನ್ನ ಕೈ ನಂಬಿ ಅವಳು ಇನ್ನೊಂದ್ಸಲ ಹತ್ತೋದು ಬೇಡ," ಎಂದ. ಹೊಸ ಸಿಲಿಂಡರ್ ಕೂರಿಸಿ, ಮಗಳಿಗೆ ಬಿಸಿ ಮಾಡುವ ಕ್ರಮ ತೋರಿಸಿಕೊಟ್ಟು ಹೊರಡುವುದೆಂದು ಗೊತ್ತಾಯಿತು.

ಆ ಕೊನೆಯ ದಿನ ಬೆಳಿಗ್ಗೆ ಹೆಂಡತಿಯೂ ಮೈದಾನಕ್ಕೆ ಬಂದಳು. ಇಷ್ಟು ವರ್ಷದಲ್ಲಿ ಅವಳು ಅಲ್ಲಿಗೆ ಬಂದದ್ದು ಎರಡೋ ಮೂರೋ ಸಲ. ಕೈಯಲ್ಲಿ ಚೀಲ, ಚೀಲದಲ್ಲಿ ಅಟ್ಟದಿಂದ ಇಳಿಸಿದ ದೊಡ್ಡ ಫ್ಲಾಸ್ಕ್.

"ಇವತ್ತೊಂದಿನ ಎರಡು ಲೋಟ ಕುಡೀರಿ," ಎಂದಳು ನೆಲ ನೋಡುತ್ತ. "ಸಕ್ಕರೆ ಏರಿದ್ರೆ ಏರಲಿ."

ತಾಳಪ್ಪ ಬಾಲ ಕಟ್ಟಿದ, ಚಕ್ರಕ್ಕೆ ಮರ ಕೊಟ್ಟ, ಮೊದಲ ಲೋಟ ಕುಡಿದ. ಮಗಳು ಬಂದು ಸೀಟಿನಲ್ಲಿ ಕೂತಳು. ಮಣಿಕಟ್ಟಿನ ಪಟ್ಟಿ ಬಿಚ್ಚಿ ಎರಡು ದಿನವಾಗಿತ್ತಷ್ಟೆ. ಇಂಜಿನ್ ಎದ್ದಿತು. ತಾಳಪ್ಪ ಕೆಳಗೆ ನಿಂತು ಹೇಳಿದ, ಅವಳು ಮಾಡಿದಳು. ಎರಡು ನಿಮಿಷ ಮೆಲ್ಲಗೆ, ಆಮೇಲೆ ತುಸು ಜೋರು. ಹತ್ತು ನಿಮಿಷ ಕಳೆಯಿತು.

"ಅಪ್ಪಾ, ಅರವತ್ತೈದು!" ಎಂದು ಅವಳು ಸದ್ದಿನ ಮೇಲೆ ಕೂಗಿದಳು. "ಹೊರಡ್ಲಾ?"

ಅಷ್ಟರಲ್ಲಿ ಹೆಂಡತಿ ಎರಡನೇ ಲೋಟವನ್ನು ಅವನ ಕೈಗಿಟ್ಟಿದ್ದಳು. ತಿಂಗಳ ಮೇಲಾಗಿತ್ತು ಆ ಲೋಟ ಕೈಗೆ ಬಂದು. ಕೈ ತಾನಾಗಿಯೇ ಕನ್ನಡಕವನ್ನು ಹಣೆಗೇರಿಸಿತು, ಬಾಯಿ ತಾನಾಗಿಯೇ ಹಳೆಯ ಮಾತು ಆಡಿತು. "ತಾಳು. ಇದೊಂದು ಕುಡಿದುಬಿಡ್ತೀನಿ."

ಕೊನೆಯ ದಿನ, ಪಾಪ, ಎಂದು ಮಗಳು ಸುಮ್ಮನಾದಳು. ಮಾಡಲು ಬೇರೆ ಕೆಲಸವಿರಲಿಲ್ಲವಾದ್ದರಿಂದ ಮೀಟರನ್ನೇ ನೋಡುತ್ತ ಕೂತಳು. ತಾಳಪ್ಪ ಅರ್ಧ ಲೋಟ ಇಳಿಸಿರಬಹುದು, ಅವಳು ಕಿರುಚಿದಳು. "ಅಪ್ಪಾ! ಮುಳ್ಳು ಬೀಳ್ತಿದೆ!"

ಅವನು ಧಡಕ್ಕನೆ ಕನ್ನಡಕ ಎಳೆದುಕೊಂಡು ನೋಡಿದ. ಐವತ್ತೈದು. ನೋಡುತ್ತಿದ್ದಂತೆಯೇ ಐವತ್ತು. ಆಮೇಲೆ ನಲವತ್ತೆರಡು. ಇಂಜಿನ್ ಓಡುತ್ತಿದೆ, ಬಿಸಿಯಾಗುತ್ತಿದೆ, ಮುಳ್ಳು ಮಾತ್ರ ಇಳಿಯುತ್ತಿದೆ. ಇಪ್ಪತ್ತೆರಡು ವರ್ಷ ಈ ಮೀಟರಿನ ಮುಂದೆ ಕೂತವನು ಇದನ್ನು ಒಮ್ಮೆಯೂ ಕಂಡಿರಲಿಲ್ಲ. ಕಣ್ಣೂ ಹೋಯಿತೇ ನನ್ನದು ಎಂದು ಮಗಳ ಮುಖ ನೋಡಿದ. ಅವಳಿಗೂ ಅದೇ ಕಾಣುತ್ತಿತ್ತು. ಏನು ಮಾಡಬೇಕೆಂದು ತೋಚದೆ, ಲೋಟ ಹಿಡಿದೇ ಇನ್ನೊಂದು ಕೈಯನ್ನು ರೇಡಿಯೇಟರಿನ ಮೇಲಿಟ್ಟ. ಹಗ್ಗ ಎಳೆಯುವಾಗ ಮಂಜುಗಡ್ಡೆಯಂತಿದ್ದ ರೇಡಿಯೇಟರ್ ಮೇಲುಗಡೆ ಬೆಚ್ಚಗಾಗುತ್ತಿತ್ತು. ಬಿಸಿ ಮೆಲ್ಲಗೆ ಅಂಗೈ ಕೆಳಗೆ ಇಳಿಯುತ್ತಿತ್ತು.

ಆಗ ಅವನಿಗೆ ಹೆಂಡತಿಯ ಹಾಲಿನ ಪಾತ್ರೆ ನೆನಪಾಯಿತು. ಅರವತ್ತೈದಕ್ಕೆ ಬಿಲ್ಲೆ ಬಾಯಿ ಬಿಟ್ಟಿತ್ತು. ಪಾತ್ರೆಯಲ್ಲಾದರೆ ಸರಿ, ಇಲ್ಲಿ ಅದು ಬಾಯಿ ಬಿಟ್ಟರೆ ಒಳಗೆ ನುಗ್ಗುವುದು ಯಾವ ನೀರು? ಚಳಿಯಲ್ಲಿ ಇಡೀ ರಾತ್ರಿ ನೆನೆದ ರೇಡಿಯೇಟರಿನ ತಣ್ಣೀರು. ಅರವತ್ತೈದು ಎಂದರೆ ಬಿಸಿಯಾದದ್ದಲ್ಲ, ಬಾಗಿಲು ಈಗಷ್ಟೇ ತೆರೆಯುತ್ತದೆ ಎಂದು. ಆ ತಣ್ಣೀರು ಒಂದು ಸುತ್ತು ಬಂದು, ಮುಳ್ಳು ಬಿದ್ದು, ಮತ್ತೆ ಏಳುವವರೆಗೆ ಕಾಯಬೇಕು. ಅಷ್ಟರೊಳಗೆ ಪೂರ್ತಿ ಥ್ರಾಟಲ್ ಕೊಟ್ಟರೆ, ಕಾಲು ಊದುತ್ತಿರುವ ಹೊತ್ತಿಗೇ ಬೂಟು ಚಿಕ್ಕದಾಗುತ್ತದೆ. ಇಳಿಯುವವರಿಗೆಲ್ಲ ಹೇಳಿಕೊಟ್ಟ ತನ್ನದೇ ಪಾಠ! ಏರುವಾಗಲೂ ಅದೇ ನೀರು, ಅದೇ ಬೂಟು ಎಂದು ಮಂದಬುದ್ಧಿಗೆ ಹೊಳೆದಿರಲಿಲ್ಲ. ಹೊಳೆಯುವ ಅಗತ್ಯವೇ ಬಿದ್ದಿರಲಿಲ್ಲ. ಇಪ್ಪತ್ತೆರಡು ವರ್ಷ ಮುಳ್ಳು ಬಿದ್ದು ಏಳುವಷ್ಟು ಹೊತ್ತು ಅವನು ಕನ್ನಡಕ ಹಣೆಗೇರಿಸಿ ಟೀ ಕುಡಿಯುತ್ತಿದ್ದ.

ಮುಳ್ಳು ಮತ್ತೆ ಏರತೊಡಗಿತು. ನಲವತ್ತೆಂಟು, ಐವತ್ತಾರು, ಅರವತ್ತು. ಕೊನೆಗೆ ಅರವತ್ತೈದು ದಾಟಿ, ಅಲುಗದೆ ನಿಂತಿತು.

ತಾಳಪ್ಪ ಅಲ್ಲೇ ಚಕ್ರದ ಪಕ್ಕ ಕುಸಿದು ಕೂತ. ನಗುತ್ತಿದ್ದಾನೋ ಅಳುತ್ತಿದ್ದಾನೋ ಅವನಿಗೇ ಗೊತ್ತಾಗಲಿಲ್ಲ. ತನ್ನ ತಲೆ ಕೆಟ್ಟಿಲ್ಲ. ನೋಡಿದ್ದನ್ನು ನೋಡಿದ್ದ, ಮಾಡಿದ್ದನ್ನು ಮಾಡಿದ್ದ, ನೋಟ್ ಪುಸ್ತಕವೂ ನಿಜ, ಪಿಸ್ಟನ್ನೂ ನಿಜ. ಮಗಳು ಇಂಜಿನ್ ಆರಿಸಿ ಇಳಿದು ಬಂದಳು. ಅವಳು ಅವನ ಕೈಯ ಲೋಟ ನೋಡಿದಳು, ಆಮೇಲೆ ಅಮ್ಮನ ಕೈಯ ಫ್ಲಾಸ್ಕ್ ನೋಡಿದಳು. ಅವಳ ಬಾಯಿ ಇನ್ನೇನು ತೆರೆಯಬೇಕು, ತಾಳಪ್ಪ ಕಣ್ಣಲ್ಲೇ ಬೇಡವೆಂದ.

"ಏನಾಯ್ತು ರೀ? ಮತ್ತೆ ಕೆಟ್ಟಿತಾ?" ಎಂದು ಹೆಂಡತಿ ಗಾಬರಿಯಿಂದ ಓಡಿಬಂದಳು.

"ಇಲ್ಲ ಕಣೆ. ಸರಿಯಾಯ್ತು."

ಯಜಮಾನರ ಮುಂದೆ ಅವನು ಬಿಲ್ಲೆ, ತಣ್ಣೀರು, ಮುಳ್ಳು ಬಿದ್ದು ಏಳುವುದು ಎಲ್ಲವನ್ನೂ ಬಿಡಿಸಿ ಹೇಳಿದ. ಮಗಳು ಇಂಜಿನ್ನಿನ ಪುಸ್ತಕ ತಂದು, ಅರವತ್ತೈದರ ಕೆಳಗಿನ ಸಾಲನ್ನು ತೋರಿಸಿದಳು. ಬಿಸಿ ಒಂದು ಹದಕ್ಕೆ ನಿಲ್ಲುವವರೆಗೆ ಕಾಯಿರಿ ಎಂದು ಅಲ್ಲಿ ಸ್ಪಷ್ಟವಾಗಿ ಇತ್ತು. ಯಾರೂ ಓದಿರಲಿಲ್ಲ ಅಷ್ಟೆ. ಯಜಮಾನರು ತಲೆದೂಗಿ ಒಂದು ಪ್ರಶ್ನೆ ಕೇಳಿದರು, "ಅಲ್ಲಯ್ಯ, ಹಾಗಾದ್ರೆ ಇಪ್ಪತ್ತೆರಡು ವರ್ಷ ಹೇಗೆ ಸರಿಯಾಗಿ ನಡೀತು? ಈಗ ಮಾತ್ರ ಯಾಕೆ ಹೀಗಾಯ್ತು?"

ಉತ್ತರ ಅವನ ನಾಲಿಗೆ ತುದಿಯಲ್ಲಿತ್ತು. ಹೇಳಿಬಿಟ್ಟಿದ್ದರೆ ಅವನ ಮೇಲಿನ ಕಳಂಕ ಪೂರ್ತಿ ತೊಳೆದುಹೋಗುತ್ತಿತ್ತು. ಬಾಗಿಲ ಬಳಿ ಹೆಂಡತಿ ಫ್ಲಾಸ್ಕನ್ನು ಎದೆಗವಚಿಕೊಂಡು ನಿಂತಿದ್ದಳು.

"ಮೊದಲು ತಾಳ್ಮೆ ಜಾಸ್ತಿ ಇತ್ತು ಸಾರ್," ಎಂದ ತಾಳಪ್ಪ. "ಈಚೆಗೆ ಅವಸರ ಮಾಡಿದೆ ಅಂತ ಕಾಣುತ್ತೆ. ತಪ್ಪು ನಂದೇ."

ಅವನನ್ನು ಮನೆಗೆ ಕಳಿಸುವ ಮಾತು ಅಲ್ಲಿಗೆ ನಿಂತಿತು. ಷೆಡ್ಡಿನ ಗೋಡೆಯ ಮೇಲೆ ಮಗಳು ದಪ್ಪಕ್ಷರದಲ್ಲಿ ಬರೆದಳು: ಮುಳ್ಳು ಬಿದ್ದು ಎದ್ದ ಮೇಲೆ ಹೊರಡಿ.

ಸಂಜೆ ಮನೆಯಲ್ಲಿ ಹೆಂಡತಿ ಫ್ಲಾಸ್ಕ್ ತೊಳೆಯುತ್ತಿದ್ದಳು. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದಳು. ತಿರುಗಿ ನೋಡದೆಯೇ ಕೇಳಿದಳು.

"ಆ ಮುಳ್ಳು ಬಿದ್ದು ಏಳೋಕೆ ಎಷ್ಟು ಹೊತ್ತು ಬೇಕು ರೀ?"

"ಏನೋ, ಒಂದೈದು ನಿಮಿಷ."

"ಒಂದು ಲೋಟ ಟೀ ಕುಡಿಯೋವಷ್ಟು."

ನಲ್ಲಿಯ ನೀರು ಸುರಿಯುತ್ತಲೇ ಇತ್ತು.

"ನಾನು ಆ ಚಿಕ್ಕ ಫ್ಲಾಸ್ಕ್ ತಂದಿದ್ದು ಯಾವಾಗ?" ಎಂದಳು ಅವಳು. "ಇಂಜಿನ್ ಮೊದಲ ಸಲ ನಿಂತಿತಲ್ಲ, ಅದಕ್ಕೆ ಮುಂಚೆನಾ, ಆಮೇಲಾ?"

ತಾಳಪ್ಪನಿಗೆ ದಿನ, ವಾರ, ಅಂದು ಅವಳು ಉಟ್ಟಿದ್ದ ಸೀರೆ, ಫ್ಲಾಸ್ಕಿನ ಮುಚ್ಚಳದ ಬಣ್ಣ, ಎಲ್ಲವೂ ಕಣ್ಣಿಗೆ ಕಟ್ಟಿದಂತಿತ್ತು.

"ನೆನಪಿಲ್ಲ ಕಣೆ," ಎಂದ.

ಅವಳು ಈ ಸಲ ರೇಗಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು, ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನಲ್ಲಿ ನಿಲ್ಲಿಸಿ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅವನು ಹೊರಟಾಗ ಚೀಲದಲ್ಲಿ ಎರಡೂ ಫ್ಲಾಸ್ಕುಗಳಿದ್ದವು.

"ಚಿಕ್ಕದು ನಿಮಗೆ," ಎಂದಳು. "ದೊಡ್ಡದು ಮಗಳಿಗೆ. ಅದಕ್ಕೆ ಸಕ್ಕರೆ ಹಾಕಿಲ್ಲ."

"ಅವಳು ಟೀ ಮುಟ್ಟಲ್ಲವಲ್ಲೇ."

"ಗೊತ್ತು," ಎಂದಳು ಅವಳು. "ಅವಳ ಪಾಲಿಂದು ನೀವೇ ಕುಡೀರಿ. ನಿಧಾನಕ್ಕೆ ಕುಡೀರಿ."